ಮಕ್ಕಳ ಆಟದ ಸಾಮಾನುಗಳನ್ನು ಮನೆಯಲ್ಲಿಡುವ ಕ್ರಮ

ನಮ್ಮ ಮನೆಗಳಲ್ಲಿ ಪ್ರತಿಯೊಂದು ವಸ್ತುವಿಗೂ ಒಂದು ಠಾವುಂಟು. ರಾಗಿಗೆ ವಾಡೆಯುಂಟು, ಬಟ್ಟೆಗೆ ಪೆಟ್ಟಿಗೆಯುಂಟು, ಕುಡುಗೋಲನ್ನು ಸಿಕ್ಕಿಸುವುದಕ್ಕೆ ಸೂರಿನ ಸಂದಾದರೂ ಉಂಟು. ಮಗುವಿನ ಆಟದ ಸಾಮಾನಿಗೆ ಮಾತ್ರ ಠಾವಿಲ್ಲ. ಅದು ಹಗಲೆಲ್ಲ ಪಡಸಾಲೆಯಲ್ಲಿ ದೊಡ್ಡವರ ಕಾಲಿಗೆ ಸಿಕ್ಕಿ ಬೈಸಿಕೊಳ್ಳುತ್ತದೆ. ಸಂಜೆ ಪೊರಕೆಯ ಮುಂದೆ ಸರಿದು ಮಂಚದ ಕೆಳಗೆ ಸೇರುತ್ತದೆ. ಚೆಲುವಾದುದೂ ಬೆಲೆಯುಳ್ಳದ್ದೂ ಆಗಿದ್ದರೆ ಗಾಜಿನ ಬೀರುವನ್ನು ಹೊಕ್ಕು, ಬಂದವರ ಕಣ್ಣಿಗೆ ಅಲಂಕಾರವಾಗಿ, ಯಾವ ಮಗುವಿಗೋಸ್ಕರ ಕೊಂಡು ತಂದರೋ ಆ ಮಗುವಿನ ಕೈಗೆ ದೂರವಾಗುತ್ತದೆ. ಈ ಸಂಚಿಕೆಯನ್ನೋದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವುದರಿಂದ, ಇಂಥ ಸಣ್ಣ ವಿಷಯವನ್ನು ಇಲ್ಲಿ ವಿಚಾರಿಸುವುದು ಅನುಚಿತವಾಗಲಾರದೆಂದು ನಂಬಿದ್ದೇವೆ.

ಬೊಂಬೆಗಳನ್ನು ಜೋಪಾನವಾಗಿಡುವ ವಿದ್ಯೆಯು ಮೈಸೂರು ಸೀಮೆಯವರಿಗೆ ಹೊಸದಲ್ಲ. ದಸರೆಯಲ್ಲಿ ಬೊಂಬೆ ಕೂರಿಸುವ ಮನೆಗಳವರು ಪಟ್ಟದ ಬೊಂಬೆಗಳನ್ನು ಸವೆದು ಮೆತ್ತಗಾದ ಹತ್ತಿಯ ಬಟ್ಟೆಯಲ್ಲಿ ಸುತ್ತಿ, ನಡುವೆ ಒಣ ಬೇವಿನೆಲೆಯನ್ನು ಹಾಕಿ, ಪೆಟ್ಟಿಗೆಯಲ್ಲಿಟ್ಟು ತಲೆಮಾರುಗಳವರೆಗೆ ಕಾಪಾಡುತ್ತಾರೆ. ಕ್ರೈಸ್ತರ ಮನೆಗಳಲ್ಲಿಯೂ ಕ್ರಿಸ್ಮಸ್ ಗೋದಲಿಯ ಕುರಿ, ಒಂಟೆ, ಕುರುಬರ ಪ್ರತಿಮೆಗಳು ವರ್ಷವೆಲ್ಲ ಹೀಗೆಯೇ ಮಲಗಿರುತ್ತವೆ. ಇದು ಒಳ್ಳೆಯ ಪದ್ಧತಿಯೇ ಸರಿ. ಆದರೆ ಇವು ನೋಡುವುದಕ್ಕೆ ಇರುವ ಬೊಂಬೆಗಳು. ದಿನವೂ ಕೈಯಲ್ಲಿ ಹಿಡಿದು ಎಳೆದು ಕಟ್ಟಿ ಕೆಡವುವ ಸಾಮಾನಿಗೂ ಇದೇ ನಿಯಮವನ್ನು ಅನ್ವಯಿಸಿ ಬೀಗವಿಟ್ಟರೆ ವಸ್ತು ಉಳಿಯುವುದೇ ಹೊರತು ಆಟವು ಉಳಿಯದು.

೧೯೦೭ನೆಯ ಇಸವಿ ಜನವರಿ ೬ರಂದು ರೋಮಾಪುರಿಯ ಸ್ಯಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಡಾಕ್ಟರ್ ಮರಿಯ ಮಾಂಟೆಸರಿಯವರ ಮೊದಲನೆಯ ಶಿಶುಗೃಹವು ತೆರೆಯಿತು. ಅಲ್ಲಿ ಮೊದಮೊದಲು ಉಪಾಧ್ಯಾಯಿನಿಯೇ ಸಾಮಗ್ರಿಗಳನ್ನು ಹಂಚಿ, ಕೊನೆಗೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದಳು. ಒಂದು ದಿನ ಆಕೆ ಬೀಗ ಹಾಕುವುದನ್ನು ಮರೆತಿದ್ದು, ತುಸು ತಡವಾಗಿ ಬಂದು ನೋಡುವಲ್ಲಿ, ಮಕ್ಕಳು ತಾವೇ ಬೀರುವನ್ನು ತೆರೆದು ಬೇಕಾದುದನ್ನು ತೆಗೆದುಕೊಂಡು ಹೋಗುತ್ತಿದ್ದರಂತೆ. ಆಕೆ ಅದನ್ನು ಕಳವೆಂದು ಬಗೆದಳು. ಮಾಂಟೆಸರಿಯವರಾದರೋ, ಯಾವ ವಸ್ತು ಎಲ್ಲಿದೆಯೆಂಬುದನ್ನು ಈ ಕೂಸುಗಳು ಬಲ್ಲವು, ಆರಿಸಿಕೊಳ್ಳಲೂ ಬಲ್ಲವು ಎಂದು ತಿಳಿದುಕೊಂಡರು. ಎತ್ತರದ ಬೀರುವಿನ ಬದಲು ಮಕ್ಕಳ ಕೈಗೆಟಕುವ ತಗ್ಗಾದ ಬೀರುಗಳು ಬಂದುವು. ಈ ವಿದುಷಿಯು ೧೯೩೯ರಲ್ಲಿ ಮದರಾಸಿಗೆ ಬಂದು, ಎರಡನೆಯ ಮಹಾಯುದ್ಧದ ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದು, ಅನೇಕ ಉಪಾಧ್ಯಾಯರಿಗೆ ಶಿಕ್ಷಣವಿತ್ತರು. ಶಿಶುವಿಹಾರಗಳಲ್ಲಿ ನಾವು ಕಾಣುವ ಗಿಡ್ಡ ಹಲಗೆಗಳ ಹಿಂದೆ ಆ ಮರೆತ ಬೀಗದ ಕಥೆಯುಂಟು.

ಎಷ್ಟು ಸಾಮಾನನ್ನು ಹೊರಗಿಡಬೇಕು? ಬಹಳವಲ್ಲ. ಅಮೆರಿಕದ ಟೊಲೀಡೊ ವಿಶ್ವವಿದ್ಯಾನಿಲಯದವರು ೩೬ ಮಂದಿ ಎಳೆಯ ಮಕ್ಕಳನ್ನು ಒಮ್ಮೆ ೪ ಆಟಿಕೆಗಳ ನಡುವೆಯೂ ಇನ್ನೊಮ್ಮೆ ೧೬ ಆಟಿಕೆಗಳ ನಡುವೆಯೂ ಬಿಟ್ಟು ನೋಡಿ, ೨೦೧೮ರಲ್ಲಿ ಫಲವನ್ನು ಪ್ರಕಟಿಸಿದರು. ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರೊಡನೆ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದರು. ಆದುದರಿಂದ ಐದಾರನ್ನು ಹೊರಗಿಟ್ಟು, ಉಳಿದುದನ್ನು ಅಟ್ಟದ ಮೇಲಿರಿಸಿ, ಹದಿನೈದು ದಿನಗಳಿಗೊಮ್ಮೆ ಅದಲುಬದಲು ಮಾಡುವುದು ಯುಕ್ತ. ಅಟ್ಟದಿಂದಿಳಿದ ಹಳೆಯ ಬುಗುರಿಯು ಸಂತೆಯಿಂದ ಬಂದ ಹೊಸದರಷ್ಟೇ ಸಂತೋಷವನ್ನು ಕೊಡುವುದು, ಖರ್ಚಂತೂ ಇಲ್ಲ. ಮಗುವಿಗೆ ಪ್ರಾಣದಂತಿರುವ ಒಂದು ಬೊಂಬೆಯನ್ನು ಮಾತ್ರ ಅಟ್ಟಕ್ಕೆ ಏರಿಸಬಾರದು.

ಇನ್ನು ಪಿರಿಯಾಪಟ್ಟಣದಂಥ ಊರಿನ ಮನೆಗಳಲ್ಲಿ ಇದಕ್ಕೆ ಬೇಕಾಗುವುದೇನು? ಮೂರು ವರ್ಷದ ಮಗು ಸುಮಾರು ಮೂರಡಿಯ ಎತ್ತರವಿರುವುದಷ್ಟೆ. ಆದುದರಿಂದ ಮೇಲಿನ ಹಲಗೆಯು ನೆಲದಿಂದ ಎರಡಡಿಯನ್ನು ಮೀರಬಾರದು. ಕೆಳಗಿನ ಹಲಗೆಯು ಗೆದ್ದಲಿಗೂ ತೇವಕ್ಕೂ ಸಿಕ್ಕದಂತೆ ನಾಲ್ಕು ಬೆರಳಾದರೂ ಮೇಲಿರಲಿ. ಹಲಗೆಯ ಚೌಕಟ್ಟನ್ನು ಗೋಡೆಗೆ ಬಿಗಿಯತಕ್ಕದ್ದು, ಏಕೆಂದರೆ ಮಗುವು ಅದನ್ನು ಏಣಿಯೆಂದೇ ಎಣಿಸುವುದು. ಹಳೆಯ ಮಣ್ಣುಗೋಡೆಯ ಮನೆಯಾದರೆ ತಗ್ಗಿನಲ್ಲಿರುವ ಗೂಡು ಒಂದೇ ಸಾಕು. ಮೇದರು ಹೆಣೆದ ಬಿದಿರಿನ ಬುಟ್ಟಿಗಳು ಗಾಳಿಯಾಡುವುದರಿಂದ ಬಲು ಅನುಕೂಲ. ಅಂಚಿನ ಸಿಬಿರು ಚುಚ್ಚದಂತೆ ಬಟ್ಟೆ ಸುತ್ತಿ ಹೊಲಿಯಬೇಕು. ಒಂದೊಂದು ಬುಟ್ಟಿಗೆ ಒಂದೊಂದು ಜಾತಿಯ ಸಾಮಾನು. ಅಕ್ಷರ ಬಾರದ ಮಗುವಿಗೆ ಗುರುತಾಗಲೆಂದು ಚೆಂಡಿನ ಬುಟ್ಟಿಯ ಮೇಲೆ ಚೆಂಡಿನ ಚಿತ್ರವನ್ನು ಅದರ ಕೈಯಿಂದಲೇ ಬರೆಯಿಸಿರಿ, ವಕ್ರವಾದರೂ ಚಿಂತೆಯಿಲ್ಲ. ಮರದ ತುಂಡುಗಳನ್ನು ಹಳೆಯ ದುಪ್ಪಟಿಯ ಮೇಲೆ ಹರಡಿ ಆಡಲು ಬಿಟ್ಟರೆ, ಆಟ ಮುಗಿದೊಡನೆ ನಾಲ್ಕು ಮೂಲೆಗಳನ್ನು ಕೂಡಿಸಿ ಎತ್ತಿದರಾಯಿತು, ಎಲ್ಲವೂ ಒಮ್ಮೆಗೇ ಬುಟ್ಟಿಗೆ ಬೀಳುವುದು. ಕಿಂಡರ್ಗಾರ್ಟನ್ನಿನ ಜನಕನಾದ ಫ್ರೋಬೆಲನು ತನ್ನ ಘನಾಕೃತಿಯ ಮರದ ತುಂಡುಗಳನ್ನು ಜಾರುಮುಚ್ಚಳದ ಪೆಟ್ಟಿಗೆಯಲ್ಲಿ ಕೊಡುತ್ತಿದ್ದನು. ತುಂಡುಗಳನ್ನು ಮತ್ತೆ ಪೂರ್ಣ ಘನವಾಗಿ ಜೋಡಿಸಿದಲ್ಲದೆ ಅವು ಪೆಟ್ಟಿಗೆಯನ್ನು ಸೇರವು. ಎತ್ತಿಡುವುದೇ ಅಲ್ಲಿ ಆಟದ ಕೊನೆಯ ಭಾಗ.

ವಸ್ತುವಿನ ಸ್ವಭಾವವನ್ನೂ ನೋಡಬೇಕು. ಚನ್ನಪಟ್ಟಣದ ಆಟಿಕೆಗಳ ಬಣ್ಣವು ಅರಗಿನದು. ಚರಕಿಯಲ್ಲಿ ತಿರುಗುವ ಹಾಲೆಮರದ ಮೇಲೆ ಅರಗಿನ ಕಡ್ಡಿಯನ್ನು ಒತ್ತಿದಾಗ ಉಜ್ಜಾಟದ ಕಾವಿಗೆ ಅದು ಕರಗಿ ಹರಡುತ್ತದೆ. ಕಾವಿನಿಂದ ಹತ್ತಿದ ಬಣ್ಣವು ಕಾವಿಗೆ ಕೆಡುವುದೂ ಸಹಜ. ಅವುಗಳನ್ನು ಬಿಸಿಲು ಬೀಳುವ ಕಿಟಕಿಯಲ್ಲಿಯೂ ತಗಡಿನ ಮಾಡಿನ ಕೆಳಗೂ ಇಡದೆ, ನೀರಿನಲ್ಲಿ ನೆನೆಸದೆ, ಒಣ ಬಟ್ಟೆಯಿಂದ ಒರಸಿರಿ. ಬಟ್ಟೆಯ ಬೊಂಬೆಯ ಕಥೆ ಬೇರೆ. ಕೊಡಗಿನ ಮಗ್ಗುಲಲ್ಲಿರುವ ನಮ್ಮ ಸೀಮೆಯಲ್ಲಿ ಜೂನಿನಿಂದ ಆಗಸ್ಟಿನವರೆಗೆ ಬೂಷ್ಟು ಹಿಡಿಯುವ ಭಯವುಂಟಾದುದರಿಂದ, ಬಿಸಿಲು ಕಂಡ ದಿನವೇ ಅದನ್ನು ತಂತಿಯ ಮೇಲೆ ಹಾಕಬೇಕು. ಹೊಗೆಸೊಪ್ಪು ಬೆಳೆಯುವ ಮನೆಗಳವರಿಗೆ ಒಂದು ಮಾತು. ಬ್ಯಾರನ್ನಿನ ಹತ್ತಿರವೂ ಸೊಪ್ಪು ವಿಂಗಡಿಸುವ ಕೋಣೆಯಲ್ಲಿಯೂ ಆಟದ ಸಾಮಾನು ಸುಳಿಯಬಾರದು. ಒದ್ದೆಯಾದ ಹಸಿ ಎಲೆಯ ನಿಕೋಟಿನ್ ವಿಷವು ಚರ್ಮದ ಮೂಲಕವೇ ಮೈಗೇರುವುದು. ಬೆಳೆಗೆ ಹೊಡೆದ ಔಷಧಿಯ ಖಾಲಿ ಡಬ್ಬವು ಎಷ್ಟು ಗಟ್ಟಿಯಾಗಿದ್ದರೂ, ಎಷ್ಟು ಸಾರಿ ತೊಳೆದರೂ, ಮಗುವಿನ ಗೋಲಿಗೆ ಭರಣಿಯಾಗಕೂಡದು.

ಕೈಗೆಟಕಬೇಕೆಂದು ಹೇಳಿದ ನಾವೇ ಕೆಲವು ವಸ್ತುಗಳು ಎಟಕಬಾರದೆಂದೂ ಹೇಳಬೇಕಾಗಿದೆ. ಗೋಲಿ, ಕವಡೆ, ಹುಣಿಸೆಬೀಜ ಮೊದಲಾದುವು ಮೂರು ವರ್ಷದೊಳಗಿನ ಮಗುವಿನ ಗಂಟಲಿಗೆ ಸಿಕ್ಕುವಂಥವು. ಅಳಗುಳಿ ಮಣೆಗೆ ಕೆಲವರು ಗುಲಗಂಜಿಯನ್ನು ಬಳಸುವುದುಂಟು. ಅದನ್ನು ಕಚ್ಚಿ ನುಂಗಿದರೆ ಪ್ರಾಣಾಪಾಯ, ಆದಕಾರಣ ಮನೆಯಲ್ಲಿಯೇ ಇಡದಿರುವುದು ಲೇಸು. ಮಾತನಾಡುವ ಬೊಂಬೆಗಳೊಳಗಿನ ಗುಂಡಿಯಂಥ ಬ್ಯಾಟರಿಯು ಅನ್ನನಾಳವನ್ನು ಕೆಲವೇ ಗಂಟೆಗಳಲ್ಲಿ ಸುಡಬಲ್ಲುದು. ಅದರ ಮುಚ್ಚಳವು ತಿರುಪಿನಿಂದ ಭದ್ರವಾಗಿರುವುದೇ ಎಂದು ನೋಡಿರಿ. ಭಾರವಾದ ಮುಚ್ಚಳದ ಟ್ರಂಕು ಬೇಡ. ಅದು ಬೆರಳಿನ ಮೇಲೆ ಬೀಳುವುದಲ್ಲದೆ, ಕಣ್ಣಾಮುಚ್ಚಾಲೆಯಾಡುವ ಮಗು ಒಳಗೆ ಅವಿತರೆ ಉಸಿರಿಗೂ ಎರವಾದೀತು. ಬೇರೇನೂ ಇಲ್ಲದಿದ್ದರೆ ಮುಚ್ಚಳವನ್ನು ಕಳಚಿ ಬಳಸಬಹುದು.

ಹೆಣ್ಣುಮಕ್ಕಳ ಶಾಲೆಯವರಾದ ನಾವು ಇನ್ನೊಂದನ್ನು ಬಿಡಲಾರೆವು. ಅಣ್ಣನು ಹರಡಿದ ಚಕ್ರಬಂಡಿಗಳನ್ನು ತಂಗಿಯು ಎತ್ತಿಡುವುದು ನಮ್ಮ ಮನೆಗಳಲ್ಲಿ ಯಾರ ಕಣ್ಣಿಗೂ ಬೀಳದಷ್ಟು ಬಳಕೆಯಾಗಿದೆ. “ನೀನು ಜಾಣೆ, ಎತ್ತಿಡಮ್ಮ” ಎಂಬ ಅಜ್ಜಿಯ ಮಾತು ಅಕ್ಕರೆಯದೇ. ಆದರೆ ಅದೇ ಅಜ್ಜಿಯು ಮೊಮ್ಮಗನಿಗೆ ಹಾಗೆನ್ನುವುದಿಲ್ಲ. ಹುಡುಗಿಯು ಹೀಗೆ ಆರನೆಯ ವರ್ಷಕ್ಕೆ ಕಲಿತ ಪಾಠವು ಅರವತ್ತರವರೆಗೂ ಅವಳ ಸೊಂಟವನ್ನು ಬಗ್ಗಿಸುತ್ತದೆ. ಹಲಗೆಯು ತಗ್ಗಾಗಿ, ಬುಟ್ಟಿಗೆ ಗುರುತಿದ್ದರೆ, ಗಂಡುಮಗುವಿಗೆ “ಎಟಕುವುದಿಲ್ಲ, ತಿಳಿಯುವುದಿಲ್ಲ” ಎಂಬ ನೆಪವಿರದು. ಆಡಿದವರೇ ಇಡಬೇಕು. ತಂದೆಯು ಒಂದೆರಡು ದಿನ ಜೊತೆಯಲ್ಲಿ ಕುಳಿತು ಇಟ್ಟರೆ ಹುಡುಗನು ಮೂರನೆಯ ದಿನ ತಾನೇ ಇಡುವನು. ತಾಯಿಯ ಹತ್ತು ಗದರಿಕೆಗಿಂತ ಇದು ಬೇಗ ಫಲಿಸುವುದು.

ವಯಸ್ಸು ಮೀರಿ ಉಳಿದ ಸಾಮಾನುಗಳ ಗತಿಯೇನು? ೧೯೭೫ರಲ್ಲಿ ನಮ್ಮ ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲಾದ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳು ಈಗ ಹಳ್ಳಿಹಳ್ಳಿಯಲ್ಲಿವೆ. ಅಲ್ಲಿನ ಕಾರ್ಯಕರ್ತೆಯನ್ನು ಮೊದಲು ಕೇಳಿ, ಒಡೆಯದ, ತುಂಡು ಕಾಣೆಯಾಗದ ಸಾಮಾನನ್ನು ಶುಚಿಗೊಳಿಸಿ ಕೊಡಬಹುದು. ಯಾವುದನ್ನು ಕೊಡಬೇಕೆಂದು ಆರಿಸುವವರು ಮಕ್ಕಳೇ ಆಗಲಿ. ಅವರು ಶಾಲೆಗೆ ಹೋದ ವೇಳೆಯಲ್ಲಿ ಗುಟ್ಟಾಗಿ ಸಾಗಿಸುವುದು ಬೇಡ.