ದಂಪತಿಗಳ ಸೈಕಲ್ ಯಾತ್ರೆ: ಶಿರಸಿ ಸೀಮೆಯ ಕೆರೆಗಳ ದಾರಿಯಲ್ಲಿ ಎರಡು ದಿನ

ನಲವತ್ತು ದಾಟಿದ ಗೃಹಸ್ಥರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮತ್ತು ಮಂಡಿನೋವು ಇಂದು ಮನೆಮನೆಯ ಮಾತಾಗಿವೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಸಾಧಾರಣ ಶ್ರಮದ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪುರುಷರು ಬೆಳಗಿನ ನಡಿಗೆಗೆ ಹೊರಡುವುದುಂಟು; ಗೃಹಿಣಿಯ ವಿಷಯದಲ್ಲಿ ಮಾತ್ರ ‘ಮನೆಗೆಲಸವೇ ಸಾಕಷ್ಟು ವ್ಯಾಯಾಮ’ ಎಂಬ ನಂಬಿಕೆ ಇನ್ನೂ ಉಳಿದಿದೆ. ಮನೆಗೆಲಸ ಆಯಾಸ ತರುತ್ತದೆ, ನಿಜ. ಆದರೆ ಬಿಟ್ಟುಬಿಟ್ಟು ನಡೆಯುವ ಆ ಕೆಲಸದಲ್ಲಿ ಹೃದಯ ಮತ್ತು ಶ್ವಾಸಕೋಶಗಳಿಗೆ ಬೇಕಾದ ಸತತ ದುಡಿಮೆ ಬಹುಮಟ್ಟಿಗೆ ದೊರೆಯುವುದಿಲ್ಲ. ಆದಕಾರಣ ಪತಿ-ಪತ್ನಿಯರಿಬ್ಬರೂ ಕೂಡಿ ಮಾಡಬಹುದಾದ ಒಂದು ವ್ಯಾಯಾಮವನ್ನು ಇಲ್ಲಿ ವಿವೇಚಿಸಲಾಗಿದೆ.

ಸೈಕಲ್ಲೇ ಏಕೆ?

ನಡೆಯುವಾಗಲೂ ಓಡುವಾಗಲೂ ದೇಹದ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಸೈಕಲ್ ತುಳಿಯುವಾಗ ಭಾರದ ಬಹುಪಾಲನ್ನು ಸೀಟು ಹೊರುತ್ತದೆ. ತೊಡೆಯ ದೊಡ್ಡ ಸ್ನಾಯುಗಳು ದುಡಿಯುತ್ತವೆ, ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ಸೀಟಿನ ಎತ್ತರ ಸರಿಯಿರುವುದು ಮುಖ್ಯ. ಪೆಡಲ್ ಕೆಳತುದಿಗೆ ಬಂದಾಗ ಮಂಡಿ ಸ್ವಲ್ಪವೇ ಬಾಗಿರಬೇಕು. ಸೀಟು ತೀರ ತಗ್ಗಾದರೆ ಮಂಡಿಯ ಮುಂಭಾಗದಲ್ಲಿ ನೋವು ಕಾಣಿಸಿಕೊಳ್ಳುತ್ತದೆ.

ನಮ್ಮ ಸರ್ಕಾರ 2006-07ರಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ ನೀಡುವ ಯೋಜನೆಯನ್ನು ಆರಂಭಿಸಿತು. ಅಂದು ಸೈಕಲ್ ಪಡೆದ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ತಾಯಂದಿರು. ಮದುವೆಯೊಡನೆ ಬಿಟ್ಟುಹೋದ ಆ ಅಭ್ಯಾಸವನ್ನು ಮರಳಿ ಪಡೆಯಲು ಯಾವ ಸಂಕೋಚವೂ ಬೇಡ.

ನಾಲ್ಕು ವಾರಗಳ ಸಿದ್ಧತೆ

ಮೊದಲ ವಾರ ದಿನಕ್ಕೆ ಹದಿನೈದು ನಿಮಿಷ, ಎರಡನೆಯ ವಾರ ಅರ್ಧ ಗಂಟೆ, ಮೂರನೆಯ ವಾರ ಮುಕ್ಕಾಲು ಗಂಟೆ, ನಾಲ್ಕನೆಯ ವಾರ ಒಂದು ಗಂಟೆ ತುಳಿಯಬೇಕು; ವಾರಕ್ಕೆರಡು ದಿನ ವಿಶ್ರಾಂತಿ. ತುಳಿಯುತ್ತಲೇ ಮಾತನಾಡಲು ಸಾಧ್ಯವಿದ್ದು, ಹಾಡಲು ಸಾಧ್ಯವಾಗದಿದ್ದರೆ ಆ ವೇಗ ಸರಿಯಾದುದು.

ಹೃದ್ರೋಗ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ತಲೆಸುತ್ತು ಅಥವಾ ಮಂಡಿಯಲ್ಲಿ ಬಾವು ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಆ ದಿನಗಳ ಪ್ರಮಾಣವನ್ನು ಮೊದಲೇ ಕೇಳಿ ತಿಳಿದಿರಬೇಕು. ದಾರಿಯಲ್ಲಿ ಬೆವರು, ನಡುಕ, ಮಂಕು ಕಾಣಿಸಿದರೆ ಸಕ್ಕರೆ ತಗ್ಗಿದೆಯೆಂದು ತಿಳಿದು, ಕೂಡಲೇ ಸೈಕಲ್ಲಿನಿಂದ ಇಳಿದು ಮೂರು ನಾಲ್ಕು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ದೀರ್ಘ ಶ್ರಮದ ಬಳಿಕ ರಾತ್ರಿಯಲ್ಲಿಯೂ ಸಕ್ಕರೆ ತಗ್ಗಬಹುದು. ಈ ಲಕ್ಷಣಗಳನ್ನು ಸಂಗಾತಿಯೂ ಅರಿತಿರಬೇಕು.

ದಾರಿ

ಶಿರಸಿಯಿಂದ ಬನವಾಸಿಗೆ ಸುಮಾರು 23 ಕಿ.ಮೀ. ಏರಿಳಿತವಿದ್ದರೂ ಘಟ್ಟವಿಲ್ಲದ ಈ ದಾರಿ ಮೊದಲ ಯಾತ್ರೆಗೆ ಯೋಗ್ಯವಾದುದು. ಬೆಳಗಿನ ಪೂಜೆ ಮುಗಿಸಿ, ಲಘು ಉಪಾಹಾರ ಸೇವಿಸಿ ಹೊರಟರೆ ವಿಶ್ರಾಂತಿ ಸಹಿತ ಮೂರು ಗಂಟೆಯಲ್ಲಿ ತಲುಪಬಹುದು. ಬನವಾಸಿಯಿಂದ ಸುಮಾರು ಐದು ಕಿ.ಮೀ. ದೂರದಲ್ಲಿ ಗುಡ್ನಾಪುರದ ವಿಶಾಲವಾದ ಕೆರೆಯಿದೆ. ಕದಂಬ ರವಿವರ್ಮನ ಶಾಸನ ದೊರೆತ ಸ್ಥಳವಿದು. ವರದಾ ನದಿಯ ದಂಡೆಯ ಬನವಾಸಿಯಲ್ಲಿ ಮಧುಕೇಶ್ವರನ ದರ್ಶನ ಪಡೆದು ಅಂದು ತಂಗುವುದು ಒಳಿತು. ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಅಲ್ಲಮಪ್ರಭುಗಳ ಕಥೆ ನಡೆಯುವ ಊರೂ ಇದೇ ಆಗಿರುವುದರಿಂದ ಶರಣ ಪರಂಪರೆಯ ಭಕ್ತರಿಗೆ ಇದು ಪ್ರಿಯವಾದ ಸ್ಥಳ. ಮರುದಿನ ನಸುಕಿನಲ್ಲಿ ಹೊರಟು ಬಿಸಿಲೇರುವ ಮುನ್ನ ಶಿರಸಿಗೆ ಹಿಂದಿರುಗಬಹುದು.

ಅಭ್ಯಾಸ ಬಲಿತವರು ಶಿರಸಿಯಿಂದ ಸೋಂದೆಯ ಕಡೆಗೆ ಹೋಗಬಹುದು. ಅಲ್ಲಿನ ಮುಂಡಿಗೆಕೆರೆಯ ಮುಂಡಿಗೆ ಗಿಡಗಳ ಮೇಲೆ ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತವೆ. ಯಲ್ಲಾಪುರದಿಂದ ಮಾಗೋಡು ಜಲಪಾತಕ್ಕೆ ಹೋಗುವ ದಾರಿಯಲ್ಲಿ ಕಾಡಿನ ನಡುವೆ ಕವಡಿಕೆರೆ ಇದೆ. ಸಿದ್ದಾಪುರದ ಕಡೆಯ ದಾರಿಗಳಲ್ಲಿ ಏರು ಹೆಚ್ಚು. ಗೇರುಳ್ಳ ಸೈಕಲ್ ಇಲ್ಲದೆ ಹೋಗುವುದು ತರವಲ್ಲ. ಏರಿನಲ್ಲಿ ಉಸಿರು ಕಟ್ಟುವಂತಾದರೆ ಇಳಿದು ತಳ್ಳಿಕೊಂಡು ಹೋಗಬೇಕು.

ಇಬ್ಬರಲ್ಲಿ ನಿಧಾನವಾಗಿ ತುಳಿಯುವವರು ಮುಂದಿರಲಿ; ಹಿಂದಿರುವವರು ಅವರ ವೇಗವನ್ನು ಅನುಸರಿಸಲಿ. ಒಬ್ಬರ ಹಿಂದೊಬ್ಬರು, ರಸ್ತೆಯ ಎಡಬದಿಯಲ್ಲಿ, ಹೆಲ್ಮೆಟ್ ಧರಿಸಿ ಸಾಗಬೇಕು. ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ಇರಬಾರದು. ಬಾಯಾರುವ ಮುನ್ನವೇ ಗುಟುಕು ಗುಟುಕಾಗಿ ನೀರು ಕುಡಿಯಬೇಕು. ಮಜ್ಜಿಗೆ, ತಂಬುಳಿ, ಉಪ್ಪು ಬೆರೆಸಿದ ಮುರುಗಲ ಪಾನಕ ಈ ಸೀಮೆಯಲ್ಲಿ ಸುಲಭವಾಗಿ ದೊರೆಯುವ ಹಿತವಾದ ಪಾನೀಯಗಳು.

ಮಂಗನ ಕಾಯಿಲೆಯ ಎಚ್ಚರ

ಈ ಭಾಗಕ್ಕೆ ಹೋಗುವವರು ಮರೆಯಲೇಬಾರದ ವಿಷಯವಿದು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಸಿದ್ದಾಪುರ ತಾಲೂಕಿನಲ್ಲಿಯೂ ಪ್ರಾಣಗಳನ್ನು ಬಲಿ ತೆಗೆದುಕೊಂಡಿದೆ. ಕಾಡಿನ ಉಣ್ಣೆಯ ಕಡಿತದಿಂದ ವೈರಾಣು ದೇಹವನ್ನು ಸೇರುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಇದರ ಹಾವಳಿ ಹೆಚ್ಚು. ಮಳೆಗಾಲದಲ್ಲಿ ಜಾರುವ ರಸ್ತೆ ಮತ್ತು ಉಂಬಳಗಳ ಕಾಟ. ಆದುದರಿಂದ ಕೆರೆಗಳು ತುಂಬಿ, ಮಳೆ ಹಿಂದೆ ಸರಿದಿರುವ ಅಕ್ಟೋಬರ್ ಕೊನೆಯಿಂದ ನವೆಂಬರ್‌ವರೆಗಿನ ಕಾಲವೇ ಪ್ರಶಸ್ತ.

ಯಾವ ಕಾಲದಲ್ಲಾದರೂ ಡಾಂಬರು ರಸ್ತೆ ಬಿಟ್ಟು ಕಾಡಿನೊಳಗೆ ಇಳಿಯಬಾರದು. ದರಕಿನ ಮೇಲೆ ಕೂರಬಾರದು, ಮಲಗಬಾರದು. ಮೈ ಮುಚ್ಚುವ ತಿಳಿಬಣ್ಣದ ಬಟ್ಟೆ ಧರಿಸಿ, ಪ್ಯಾಂಟಿನ ಅಂಚನ್ನು ಸಾಕ್ಸಿನೊಳಗೆ ಸೇರಿಸಬೇಕು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ತಂಗುವ ಸ್ಥಳ ತಲುಪಿದೊಡನೆ ಬಿಸಿನೀರು-ಸಾಬೂನಿನಿಂದ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಕತ್ತಿನ ಹಿಂಭಾಗ, ಬೆನ್ನು, ಕಂಕುಳು, ಮಂಡಿಯ ಹಿಂಭಾಗ ನಮ್ಮ ಕಣ್ಣಿಗೇ ಕಾಣದ ಜಾಗಗಳು. ದಂಪತಿಗಳು ಒಬ್ಬರದನ್ನೊಬ್ಬರು ಪರೀಕ್ಷಿಸಬೇಕು. ಉಣ್ಣೆ ಕಚ್ಚಿಕೊಂಡಿದ್ದರೆ ಬೆರಳಿನಿಂದ ಹಿಸುಕದೆ ಚಿಮಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆದು ತೆಗೆಯಬೇಕು.

ಹಿಂದಿರುಗಿದ ಎರಡು ವಾರದೊಳಗೆ ಹಠಾತ್ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ತಡಮಾಡದೆ ವೈದ್ಯರ ಬಳಿ ಹೋಗಿ, ಮಲೆನಾಡಿನ ಕಾಡಿನ ದಾರಿಯಲ್ಲಿ ಸಂಚರಿಸಿ ಬಂದ ವಿಷಯವನ್ನು ತಾವಾಗಿಯೇ ತಿಳಿಸಬೇಕು. ಈ ರೋಗದಲ್ಲಿ ರಕ್ತಸ್ರಾವದ ಅಪಾಯವಿರುವುದರಿಂದ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುವುದು ಸಲ್ಲದು.

ಊರಿಗೆ ಬಂದ ಮೇಲೆ

ಎರಡು ದಿನಗಳ ಯಾತ್ರೆ ಒಂದರಿಂದಲೇ ಸಕ್ಕರೆಯಾಗಲಿ ಒತ್ತಡವಾಗಲಿ ಹತೋಟಿಗೆ ಬರುವುದಿಲ್ಲ. ಅದಕ್ಕಾಗಿ ನಡೆಸಿದ ನಾಲ್ಕು ವಾರಗಳ ಅಭ್ಯಾಸವನ್ನು ಮುಂದುವರಿಸಿದಾಗಲೇ ನಿಜವಾದ ಫಲ. ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ಇಬ್ಬರೂ ಜೊತೆಯಾಗಿ ತುಳಿದರೆ 150 ನಿಮಿಷಗಳು ತಾವಾಗಿಯೇ ತುಂಬುತ್ತವೆ. ಆ ಅರ್ಧ ಗಂಟೆ ಗೃಹಿಣಿಗೂ ದೊರೆಯಬೇಕಾದರೆ ಮನೆಯ ಬೆಳಗಿನ ಕೆಲಸವನ್ನು ಪತಿಯೂ ಮಕ್ಕಳೂ ಹಂಚಿಕೊಳ್ಳಬೇಕು. ಸಿದ್ಧತೆಯ ಮೊದಲ ಹೆಜ್ಜೆ ಅದುವೇ.