ಲೇಖನಿ ಹಿಡಿದ ವೈದ್ಯೆ

ತೀರ್ಥಹಳ್ಳಿಯಲ್ಲಿ 1934ರಲ್ಲಿ ಹುಟ್ಟಿದ ವೆಂಕಟಲಕ್ಷ್ಮಿ ಮೈಸೂರಿನಲ್ಲಿ ವೈದ್ಯಕೀಯ ಓದಿದರು. ಕನ್ನಡಿಗರು ಅವರನ್ನು ಬಲ್ಲದ್ದು ಡಾ. ಅನುಪಮಾ ನಿರಂಜನ ಎಂಬ ಹೆಸರಿನಿಂದ. ಧಾರವಾಡದಲ್ಲಿ, ಅನಂತರ ಬೆಂಗಳೂರಿನಲ್ಲಿ ರೋಗಿಗಳನ್ನು ನೋಡುತ್ತಲೇ ಕಥೆ, ಕಾದಂಬರಿ ಬರೆದರು. ‘ನೆನಪು: ಸಿಹಿ-ಕಹಿ’, ‘ಬರಹಗಾರ್ತಿಯ ಬದುಕು’ ಅವರ ಆತ್ಮಕಥನದ ಪುಸ್ತಕಗಳು. ಆರೋಗ್ಯ ಅಂಕಣದಲ್ಲಿ ಸಾಹಿತಿಯ ಮಾತೇಕೆ ಎಂದು ಓದುಗರು ಕೇಳಬಹುದು. ಕಾರಣವಿದೆ.

ಶಿವಮೊಗ್ಗವಿರಲಿ, ಭದ್ರಾವತಿಯಿರಲಿ, ಯಾವ ವೈದ್ಯರಿಗೂ ಇದು ಹೊಸದಲ್ಲ. ಅತ್ತೆಯೊಡನೆಯೋ ಗಂಡನೊಡನೆಯೋ ಬಂದ ಹೆಂಗಸು ‘ಸೊಂಟ ನೋವು, ಸುಸ್ತು’ ಎನ್ನುತ್ತಾಳೆ. ಜೊತೆಯವರನ್ನು ಹೊರಗೆ ಕಳಿಸಿ ವಿಚಾರಿಸಿದರೆ ಬಹಳ ದಿನಗಳಿಂದ ಬಿಳಿ ಸೆರಗು, ನಡುನಡುವೆ ರಕ್ತಸ್ರಾವ! ಬಾಯಿಬಿಡಲು ಅವಳಿಗೆ ಏಕಾಂತವೂ ಇರಲಿಲ್ಲ, ಮಾತೂ ಇರಲಿಲ್ಲ. ‘ತಾಯಿ ಮಗು’, ‘ದಾಂಪತ್ಯ ದೀಪಿಕೆ’, ‘ಕೇಳು ಕಿಶೋರಿ’ ಮೊದಲಾದ ಪುಸ್ತಕಗಳಲ್ಲಿ ಅನುಪಮಾ ಕೊಟ್ಟದ್ದು ಅವೆರಡನ್ನೂ. ಮನೆಯಲ್ಲಿ ಒಬ್ಬಳೇ ಕುಳಿತು ಓದಬಹುದಾದ, ಅಡುಗೆಮನೆಯ ಕನ್ನಡದಲ್ಲೇ ಮುಟ್ಟು, ಬಸಿರು, ಹೆರಿಗೆಗಳನ್ನು ವಿವರಿಸುವ ವೈದ್ಯೆ. ನನ್ನ ಮಟ್ಟಿಗೆ ಇದು ಅವರ ಕಾದಂಬರಿಗಳಷ್ಟೇ ದೊಡ್ಡ ಕೆಲಸ.

ಕಾದಂಬರಿಗಳಲ್ಲೂ ವೈದ್ಯೆಯ ಕಣ್ಣು ಮುಚ್ಚಿರಲಿಲ್ಲ. ‘ಮಾಧವಿ’ಯನ್ನೇ ನೋಡಿ. ಗುರುದಕ್ಷಿಣೆಯ ಎಂಟುನೂರು ಕುದುರೆಗಳಿಗಾಗಿ ಯಯಾತಿಯ ಮಗಳು ಒಬ್ಬ ರಾಜನಿಂದ ಇನ್ನೊಬ್ಬನ ಬಳಿಗೆ ಹೋಗಿ ಮಕ್ಕಳನ್ನು ಹೆತ್ತುಕೊಡುವ ಮಹಾಭಾರತದ ಕಥೆ ಅದು. ಅವಳ ಗರ್ಭದ ಬಗ್ಗೆ ಎಲ್ಲರೂ ತೀರ್ಮಾನಿಸುತ್ತಾರೆ, ಅವಳನ್ನು ಬಿಟ್ಟು. ಎಷ್ಟನೆಯ ಹೆರಿಗೆ, ಯಾವಾಗ ಆಪರೇಷನ್ ಎಂಬುದನ್ನು ಇತರರೇ ನಿರ್ಧರಿಸುವ ಮನೆಗಳನ್ನು ಕಂಡ ವೈದ್ಯರಿಗೆ ಇದು ಪುರಾಣವೆನಿಸದು.

ಅನುಪಮಾ 1991ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ವೈದ್ಯರನ್ನೂ ಬಿಡದ ಕಾಯಿಲೆ ಇದು. ಆದರೆ ಸ್ತನದ ಮತ್ತು ಗರ್ಭಕೋಶದ ಕೊರಳಿನ ಕ್ಯಾನ್ಸರ್ ಬೇಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ತೊಡಕೆಂದರೆ, ಆರಂಭದಲ್ಲಿ ಸ್ತನದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋವಿಲ್ಲವೆಂದು ಸುಮ್ಮನಿರುವವರೇ ಬಹಳ. ಗಂಟು, ಮೊಲೆತೊಟ್ಟಿನಿಂದ ರಕ್ತ, ಮುಟ್ಟು ನಿಂತ ಮೇಲೆ ಅಥವಾ ಸಂಭೋಗದ ನಂತರ ರಕ್ತಸ್ರಾವ, ದುರ್ವಾಸನೆಯ ಸೆರಗು: ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ತೋರಿಸಬೇಕು. ಎಲ್ಲವೂ ಕ್ಯಾನ್ಸರ್ ಅಲ್ಲ. ಆದರೆ ಹಾಗೆಂದು ಹೇಳಬೇಕಾದವರು ವೈದ್ಯರು, ಪಕ್ಕದ ಮನೆಯವರಲ್ಲ.

ತೊಂದರೆಯಿಲ್ಲದವರಿಗೂ 30 ದಾಟಿದ ಮೇಲೆ ಐದು ವರ್ಷಕ್ಕೊಮ್ಮೆ ಬಾಯಿ, ಸ್ತನ, ಗರ್ಭಕೋಶದ ಕೊರಳಿನ ತಪಾಸಣೆ ಆಗಬೇಕೆಂಬುದು ಸರ್ಕಾರಿ ಕಾರ್ಯಕ್ರಮದ ಸೂಚನೆ. ಕೊರಳಿಗೆ ಅಸಿಟಿಕ್ ಆಮ್ಲದ ದ್ರಾವಣ ಹಚ್ಚಿ ನೋಡುವ ಪರೀಕ್ಷೆ ಕೆಲವೇ ನಿಮಿಷಗಳದು. ಹೋಗುವಾಗ ಕೊನೆಯ ಮುಟ್ಟಿನ ದಿನಾಂಕ ಬರೆದುಕೊಂಡಿರಿ. ಬಾಯಿಬಿಟ್ಟು ಹೇಳಲು ಸಂಕೋಚವೆನಿಸಿದರೆ ತೊಂದರೆಯನ್ನೂ ಅದೇ ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಕೊಡಬಹುದು.