ಲೈಸೆನ್ಸ್ ಕೇಳೋಣ, ಹಾಜರಿ ಓದೋಣ

ಕೊಡಗಿನಲ್ಲಿ ಕಟ್ಟಡ ಕೆಲಸ ಬಹಳ ಇದೆ. ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆ ಮನೆ, ಹೋಂಸ್ಟೇ, ರೆಸಾರ್ಟ್ ಕಟ್ಟುತ್ತಾರೆ. 2018ರ ಆಗಸ್ಟ್ ಮಳೆಗೆ ಗುಡ್ಡಗಳು ಕುಸಿದವು. ಆಮೇಲೆ ಹೊಸ ಮನೆ, ತಡೆಗೋಡೆ, ರಸ್ತೆ ಕೆಲಸವೂ ನಡೆಯಿತು. ಜಲ್ಲಿ ಹೊರಲು, ಕಾಂಕ್ರೀಟು ಹಾಕಲು ನಾವು ಹೆಂಗಸರೂ ಹೋಗುತ್ತೇವೆ.

ನಮ್ಮನ್ನು ಕೆಲಸಕ್ಕೆ ಕರೆಯುವವರು ಮೇಸ್ತ್ರಿ. ಮೇಸ್ತ್ರಿಯ ಮೇಲೆ ಗುತ್ತಿಗೆದಾರರು, ಅಂದರೆ ಕಂಟ್ರಾಕ್ಟರು. ಅವರ ಮೇಲೆ ಕೆಲಸ ಮಾಡಿಸುವ ಮಾಲೀಕರು. ಕೂಲಿ ಬಾಕಿ ಉಳಿಯಿತು ಅನ್ನಿ. ಮೇಸ್ತ್ರಿ ಕಂಟ್ರಾಕ್ಟರನ್ನು ತೋರಿಸುತ್ತಾರೆ. ಕಂಟ್ರಾಕ್ಟರು ಮಾಲೀಕರನ್ನು ತೋರಿಸುತ್ತಾರೆ. ನಾವು ಯಾರನ್ನು ಕೇಳೋದು?

ಇದಕ್ಕೇ ಲೈಸೆನ್ಸ್ ಕಾನೂನು ಬಂತು. ಗುತ್ತಿಗೆ ಕಾರ್ಮಿಕರ ಕಾಯ್ದೆ ಆದದ್ದು 1970ರಲ್ಲಿ. ಆಗ 20 ಜನರನ್ನು ದುಡಿಸುವ ಗುತ್ತಿಗೆದಾರರಿಗೆ ಲೈಸೆನ್ಸ್ ಬೇಕಿತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಈಗ 50 ಅಥವಾ ಹೆಚ್ಚು ಜನರಿದ್ದರೆ ಲೈಸೆನ್ಸ್ ಬೇಕು.

ಇನ್ನೊಂದು ಕಾಗದವೂ ಇದೆ. ಸರ್ಕಾರಿ ಕಾಮಗಾರಿ ಹಿಡಿಯುವವರು ಲೋಕೋಪಯೋಗಿ ಇಲಾಖೆಯಲ್ಲಿ ದರ್ಜೆಯ ಗುತ್ತಿಗೆದಾರರಾಗಿ ನೋಂದಣಿ ಮಾಡಿಸುತ್ತಾರೆ. ಅದು ಕಾಮಗಾರಿ ಹಿಡಿಯಲು. ಕಾರ್ಮಿಕರ ಲೈಸೆನ್ಸ್ ಬೇರೆ. ಅದು ನಮ್ಮನ್ನು ದುಡಿಸಲು. ಒಂದು ತೋರಿಸಿದರೆ ಇನ್ನೊಂದು ಇದ್ದಂತೆ ಆಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಕೆಲಸ ಕೊಡಿಸಿದ್ದಕ್ಕೆ ಗುತ್ತಿಗೆದಾರರು ನಮ್ಮಿಂದ ಕಮಿಷನ್ ಹಿಡಿಯುವಂತಿಲ್ಲ.
ಒಂದೇ ರೀತಿಯ ಕೆಲಸಕ್ಕೆ ಗಂಡಸರಿಗೂ ಹೆಂಗಸರಿಗೂ ಒಂದೇ ಕೂಲಿ.
ಗುತ್ತಿಗೆದಾರರು ಕೂಲಿ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಸಂಸ್ಥೆಯೇ ಕೊಡಬೇಕು.
ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನದೊಳಗೆ ಲೆಕ್ಕ ಮುಗಿಸಬೇಕು.

ಜೂನ್ ಮಳೆ ಹಿಡಿದರೆ ನಮ್ಮಲ್ಲಿ ಕೆಲಸ ನಿಲ್ಲುತ್ತದೆ. "ಮಳೆ ಬಿಡಲಿ, ಕೊಡ್ತೀವಿ" ಅನ್ನುತ್ತಾರೆ. ಮಳೆಗಾಲದಲ್ಲಿ ಒಲೆ ಉರಿಯಬೇಡವೇ? ಮಳೆಗೆ ಮೊದಲೇ ಲೆಕ್ಕ ಕೇಳೋಣ.

ಇಲ್ಲಿ ಒಂದು ಮಾತು. ಲೈಸೆನ್ಸ್ ತಪ್ಪಿಸಲು ಹಾಜರಿ ಪುಸ್ತಕದಲ್ಲಿ ಕಡಿಮೆ ಹೆಸರು ಬರೆಯುವುದುಂಟು. ದುಡಿಯುವವರು 60 ಜನ, ಪುಸ್ತಕದಲ್ಲಿ 45. ಬಿಟ್ಟ 15 ಹೆಸರಲ್ಲಿ ನಮ್ಮದೂ ಇರಬಹುದು. ಹೆಸರಿಲ್ಲದಿದ್ದರೆ ನಾವು ದುಡಿದೆವು ಎನ್ನಲು ಸಾಕ್ಷಿ ಕಷ್ಟ. ಹಿಂದೆ ಹೆಬ್ಬೆಟ್ಟು ಒತ್ತಿ ಬರುತ್ತಿದ್ದೆವು. ಈಗ ಓದಲು ಕಲಿತಿದ್ದೇವೆ. ಹೆಸರು, ದಿನ, ಕೂಲಿ, ಮುಂಗಡ, ಈ ನಾಲ್ಕನ್ನೂ ಓದಿಯೇ ಸಹಿ ಹಾಕೋಣ. ಮನೆಯ ಕ್ಯಾಲೆಂಡರಿನಲ್ಲೂ ಗುರುತು ಹಾಕೋಣ.

50ಕ್ಕಿಂತ ಕಡಿಮೆ ಜನರಿದ್ದರೆ? ಲೈಸೆನ್ಸ್ ಬೇಡದಿರಬಹುದು. ಕೂಲಿ ಮಾತ್ರ ಕೊಡಲೇಬೇಕು.

ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡಿಗೂ ಈ ಲೆಕ್ಕ ಬೇಕು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ನೋಂದಣಿ ಆಗಬಹುದು. ಹೆರಿಗೆಗೆ, ಮಕ್ಕಳ ಓದಿಗೆ, ಪಿಂಚಣಿಗೆ ಮಂಡಳಿಯ ಸಹಾಯವಿದೆ.

ತೊಂದರೆಯಾದರೆ ಮಡಿಕೇರಿಯ ಜಿಲ್ಲಾ ಕಾರ್ಮಿಕ ಅಧಿಕಾರಿ ಕಚೇರಿಗೆ ಅರ್ಜಿ ಕೊಡಬಹುದು. ಕಾರ್ಮಿಕ ಸಹಾಯವಾಣಿ 155214. ಒಬ್ಬರೇ ಹೋಗಲು ಅಂಜಿಕೆಯೇ? ನಾಲ್ಕು ಜನ ಸೇರಿ ಹೋಗೋಣ.

ಲೆಕ್ಕ ಮಾಡಿ

ಗಿರಿಜಕ್ಕ 12 ದಿನ ದುಡಿದರು. ದಿನದ ಕೂಲಿ 500 ರೂಪಾಯಿ. ಮುಂಗಡ 1,000 ರೂಪಾಯಿ ತೆಗೆದುಕೊಂಡಿದ್ದರು. ಪುಸ್ತಕದಲ್ಲಿ 10 ದಿನ ಎಂದು ಬರೆದಿದೆ.
1. ಅವರಿಗೆ ಬರಬೇಕಾದ ಹಣ ಎಷ್ಟು?
2. ಓದದೆ ಸಹಿ ಹಾಕಿದರೆ ಎಷ್ಟು ನಷ್ಟ?
3. ನಿಮ್ಮ ಕಂಟ್ರಾಕ್ಟರ ಹೆಸರೇನು? ಬರೆಯಿರಿ.